ನೇತ್ರಾಣಿಯಲ್ಲಿ ಕಳೆದ ಸೀಸದ ಗಟ್ಟಿ

ನಂಜನಗೂಡಿನಲ್ಲಿ ಕಪಿಲೆಯ ಕಡೆಗಿಳಿಯುವ ಆ ಬೀದಿಗೆ ಬೆಳಗಿನ ಹೊತ್ತು ಅಪರಿಚಿತರು ಮುಖ ಬಾಡಿಸಿಕೊಂಡು ಬಂದರೆ, ಅವರು ಹುಡುಕುತ್ತಿರುವುದು ರುದ್ರಾಣಿಯಮ್ಮನವರ ಮನೆಯನ್ನೇ ಎಂಬುದು ದೇವಯ್ಯನವರಿಗೆ ರೂಢಿಯಿಂದ ತಿಳಿದಿತ್ತು. ರುದ್ರಾಣಿಯಮ್ಮ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ಹೊಗೆಯನ್ನು ಕಂಡು ಬೆಂಕಿಯನ್ನು ನಿಶ್ಚಯಿಸುವ ಪಾಠವನ್ನು ತಲೆಮಾರುಗಳಿಗೆ ಹೇಳಿದ ಪುಣ್ಯವೋ ಏನೋ, ಊರಿನಲ್ಲಿ ಎಲ್ಲಿ ಹೊಗೆಯೆದ್ದರೂ ಜನ ಅವರ ಜಗಲಿಗೇ ಬರುತ್ತಿದ್ದರು. ಪಕ್ಕದ ಮನೆಯ ದೇವಯ್ಯ ಒಂದು ಕಾಲಕ್ಕೆ ಮುದ್ರಣಾಲಯ ನಡೆಸುತ್ತಿದ್ದವರು. ಈಗ ಅವರಿಗಿದ್ದ ಉದ್ಯೋಗವೆಂದರೆ ತಾವು ಅಕ್ಕಯ್ಯ ಎಂದು ಕರೆಯುವ ರುದ್ರಾಣಿಯಮ್ಮನ ಜೊತೆಗೆ ತಿರುಗುವುದು, ಪ್ರತಿ ಪ್ರಕರಣದಲ್ಲಿಯೂ ಮೊದಲು ತಪ್ಪು ಮನುಷ್ಯನನ್ನು ಶಂಕಿಸುವುದು.

ಆ ದಿನ ಬಂದ ಹುಡುಗಿ ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಜಗಲಿಯ ಅಂಚಿನಲ್ಲಿ ನಿಂತಿದ್ದಳು.

"ನಾನು ಇಲ್ಲೇ ಹದಿನಾರು ಅನ್ನೋ ಊರಿನ ಗೌತಮಿ ಕಣಮ್ಮ. ಮುರುಡೇಶ್ವರದಲ್ಲಿ ಕೆಲ್ಸ. ನೇತ್ರಾಣಿ ದ್ವೀಪದತ್ರ ಜನನ ಸಮುದ್ರದ ತಳಕ್ಕೆ ಇಳಿಸಿ ತೋರಿಸ್ಕೊಂಡು ಬತ್ತೀನಿ. ಸ್ಕೂಬಾ ಅಂತಾರಲ್ಲ, ಅದು."

"ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡೇ?" ಎಂದು ದೇವಯ್ಯ ಕಣ್ಣರಳಿಸಿದರು. "ನನಗೆ ಅಡುಗೆಮನೇದು ಮುಟ್ಟೋದಕ್ಕೇ ಭಯ ಕಣಮ್ಮ."

"ಅದ್ರಲ್ಲಿರೋದು ಬರೀ ಗಾಳಿ ಕಣಣ್ಣ, ಗ್ಯಾಸಲ್ಲ," ಎಂದ ಗೌತಮಿಯ ತುಟಿಯಲ್ಲಿ ಒಂದು ನಗೆ ಸುಳಿದು ಮಾಯವಾಯಿತು.

ಕುಳಿತು ನೀರು ಕುಡಿದ ಮೇಲೆ ಅವಳು ನಡೆದುದನ್ನು ಹೇಳಿದಳು. ನಂಜನಗೂಡಿನವನೇ ಆದ ಅಮೃತೇಶ್ ಎಂಬ ಕಾರ್ಖಾನೆಯ ಎಂಜಿನಿಯರು ಅವಳಿಂದ ಮುಳುಗುವುದನ್ನು ಕಲಿತು, ಕಳೆದ ಅಮಾವಾಸ್ಯೆಯಂದು ನೇತ್ರಾಣಿಗೆ ಬಂದಿದ್ದ. ಮುಂದೆ ಗೌತಮಿ, ಅವಳ ಹಿಂದೆ ಅಮೃತೇಶ್, ಕೊನೆಗೆ ಅವಳ ಸಹೋದ್ಯೋಗಿ ರಘು, ಈ ಮೂವರೇ ಹಗ್ಗ ಹಿಡಿದು ತಳಕ್ಕಿಳಿದರು. ಅಲ್ಲಿ ಸೆಳೆತ ಬಲವಾಗಿದ್ದರೂ ದೊಡ್ಡ ಬಂಡೆಯೊಂದರ ಮರೆಯಲ್ಲಿ ನೀರು ತಣ್ಣಗೆ ನಿಂತಿತ್ತು. ಮರಳುವ ಹೊತ್ತಿಗೆ ಗೌತಮಿ ಹಿಂದಿರುಗಿ ನೋಡಿದರೆ ಅಮೃತೇಶ್ ಬೆಂಡಿನಂತೆ ಮೇಲಕ್ಕೇರುತ್ತಿದ್ದ. ಸೆಳೆತ ಅವನನ್ನು ಕೊಚ್ಚಿಕೊಂಡು ಹೋಯಿತು. ದೋಣಿಯವರು ಹಿಡಿದೆತ್ತಿದಾಗ ಅವನ ಕಿವಿಯಿಂದ ರಕ್ತ ಸುರಿಯುತ್ತಿತ್ತು, ಪ್ರಜ್ಞೆ ಅರೆಬರೆಯಾಗಿತ್ತು. ಈಗ ಟಿ. ನರಸೀಪುರದ ತನ್ನ ಅಕ್ಕನ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾನೆ.

"ರಬ್ಬರ್ ಬಟ್ಟೆ ಆಕ್ಕಂಡ್ರೆ ಮೈ ತೇಲ್ತದೆ ಕಣಮ್ಮ. ಅದ್ಕೇ ಸೊಂಟದ ಬೆಲ್ಟಿಗೆ ಸೀಸದ ಗಟ್ಟಿಗಳನ್ನ ಪೋಣಿಸ್ತೀವಿ. ಅವರ ಬೆಲ್ಟಲ್ಲಿ ಒಂದು ಗಟ್ಟಿ ಕಮ್ಮಿ ಇತ್ತು. ನಾನೇ ಕಮ್ಮಿ ಕಟ್ದೆ ಅಂತ ದೋಣಿಯವ್ರೆಲ್ಲ ಅಂತಾರೆ. ಅವರು ಯಾರ ಎಸರೂ ಏಳಿಲ್ಲ, ಅವರಕ್ಕ ದೂರು ಕೊಟ್ಟವ್ರೆ. ನಾಳಿದ್ದು ವಿಚಾರಣೆ. ಸರ್ಟಿಫಿಕೇಟ್ ಕಿತ್ಕೊಂಡ್ರೆ ನನ್ನ ಯಾವ ದೋಣಿಗೂ ಅತ್ತಿಸ್ಕೊಳಕಿಲ್ಲ. ನಮ್ಮವ್ವ ಮಗಳು ಸಮುದ್ರದ ಮೇಷ್ಟ್ರು ಅಂತ ಊರಿಗೆಲ್ಲ ಏಳ್ಕೊಂಡವ್ಳೆ."

"ಸಿಕ್ಕಾಗ ಬೆಲ್ಟಿನ ಕೊಂಡಿ ಬಿಚ್ಚಿತ್ತೋ, ಹಾಕಿತ್ತೋ?" ಎಂದು ರುದ್ರಾಣಿಯಮ್ಮ ಕೇಳಿದರು.

"ಬಿಗಿಯಾಗೇ ಇತ್ತು. ಕೊಂಡಿ ಬಿಚ್ಚದೆ ಸೀಸ ಈಚೆಗೆ ಬರಕಿಲ್ಲ."

"ಸೆಳೆತ ಇರುವ ಅಮಾವಾಸ್ಯೆಯ ದಿನ ಯಾಕೆ ಇಳಿಸಿದೆ?"

ಗೌತಮಿ ತಲೆ ತಗ್ಗಿಸಿದಳು. "ಒಂದು ವಾರ ತಡ್ಕಳಿ, ಅಮಾಸೆ ಉಣ್ಣಿಮೇಲಿ ನೀರು ಎಳೀತದೆ ಅಂದೆ. ಇಳಿದ್ರೆ ಅವತ್ತೇ, ಇಲ್ದಿದ್ರೆ ಬ್ಯಾಡ ಅಂದ್ರು. ಬಂಡೆ ಮರೆ ಐತಲ್ಲ ಅಂತ ಒಪ್ಕೊಂಡೆ. ಅದು ನಂದೇ ತಪ್ಪು ಅಂದ್ರೆ ಅನ್ನಲಿ. ಆದ್ರೆ ಸೀಸ ಕಮ್ಮಿ ಕಟ್ಟಿಲ್ಲ."

"ಮೀನು, ಹವಳ ನೋಡಲು ಅಷ್ಟು ಆತುರವೇ?"

"ಮೀನಿನ ಮಾತೇ ಎತ್ತುತಿರಲಿಲ್ಲ ಕಣಮ್ಮ. ತಳದಲ್ಲಿ ನೀರು ಎಳೀದೆ ಇರೋ ಜಾಗ ಯಾವುದು ಅಂತ ಕೇಳೋರು. ಭಯಸ್ಥರು ಅನ್ಕಂಡೆ."

ರುದ್ರಾಣಿಯಮ್ಮ ಎದ್ದು ಚಪ್ಪಲಿ ಮೆಟ್ಟಿದರು. ದೇವಯ್ಯ ಕೊಡೆ ಹಿಡಿದು ಹಿಂದೆಯೇ ನಡೆದರು.

ರಘುವೂ ನಂಜನಗೂಡಿನವನೇ, ಈ ಗಲಾಟೆಯ ನಡುವೆ ಊರಿಗೆ ಬಂದಿದ್ದ. ಅವನ ಮನೆ ರೈಲು ನಿಲ್ದಾಣದ ಹತ್ತಿರವೇ ಇತ್ತು. ದಾರಿಯುದ್ದಕ್ಕೂ ದೇವಯ್ಯ ತಮ್ಮ ಸಿದ್ಧಾಂತವನ್ನು ಮಂಡಿಸಿದರು. ಹುಡುಗಿ ಹೋದರೆ ಅವಳ ಸ್ಥಾನ ಯಾರಿಗೆ? ರಘುವಿಗೆ. ತಳದಲ್ಲಿ ಅಮೃತೇಶನ ಹಿಂದೆ ಇದ್ದವನು ಯಾರು? ರಘು. ಇನ್ನೇನು ಬೇಕು?

"ಹೆಗಲ ಮೇಲೆ ಕೊಡಲಿ ಇಟ್ಟುಕೊಂಡವನೆಲ್ಲ ಮರ ಕಡಿದವನಲ್ಲ, ದೇವಯ್ಯ," ಎಂದರು ರುದ್ರಾಣಿಯಮ್ಮ.

ರಘು ಬನಿಯನ್ನಿನಲ್ಲಿ ಕುಳಿತು ಬೈಕಿನ ಸರಪಳಿಗೆ ಎಣ್ಣೆ ಹಾಕುತ್ತಿದ್ದ. ವಿಷಯ ತಿಳಿದೊಡನೆಯೇ ಕೈ ಒರೆಸಿಕೊಂಡು ಎದ್ದು ನಿಂತ. "ಗೊತ್ತು ಸಾ, ನನ್ನ ಮೇಲೇ ಡೌಟು. ಅವಳು ಹೋದ್ರೆ ನಾನೇ ಸೀನಿಯರ್. ಊರೆಲ್ಲ ಅದನ್ನೇ ಮಾತಾಡ್ತಾ ಇದೆ. ಆದ್ರೆ ಆ ಪುಣ್ಯಾತ್ಗಿತ್ತಿ ಇಲ್ದೆ ಆ ನೀರಿಗೆ ನಾನಂತೂ ಇಳಿಯಲ್ಲ ಕಣ್ರೀ."

"ತಳದಲ್ಲಿ ಅಮೃತೇಶ್ ಏನು ಮಾಡುತ್ತಿದ್ದ?" ಎಂದು ರುದ್ರಾಣಿಯಮ್ಮ ಕೇಳಿದರು.

"ಬಂಡೆ ಸಂದಿನತ್ರ ಮಂಡಿ ಊರಿ ಕೂತಿದ್ರು, ನನಗೆ ಬೆನ್ನು ಹಾಕ್ಕೊಂಡು. ಒಂದು ಕೈಲಿ ಬಂಡೆ ಹಿಡ್ಕೊಂಡಿದ್ರು. ತುಂಬ ಹೊತ್ತು ಹಾಗೇ ಇದ್ರು. ಏನೋ ನೋಡ್ತಾವ್ರೆ ಅಂತ ನಾನು ಹಗ್ಗ ಹಿಡ್ಕೊಂಡು ದೂರದಲ್ಲೇ ನಿಂತಿದ್ದೆ."

"ಇಳಿಯುವ ಮುಂಚೆ ಹೇಗಿದ್ದ?"

"ಸಪ್ಪಗಿದ್ರು. ಬೆಳಿಗ್ಗೆ ಇಡ್ಲಿ ಕೊಟ್ರೆ ಮುಟ್ಟಲಿಲ್ಲ. ಖಾಲಿ ಹೊಟ್ಟೇಲಿ ಯಾರ್ರೀ ಸಮುದ್ರಕ್ಕೆ ಇಳೀತಾರೆ? ಆಮೇಲೆ ದೋಣೀಲಿ ಉಸಿರಾಡೋಕೆ ಸಲೀಸಾಗ್ಲಿ ಅಂತ ನಾನೇ ರಬ್ಬರ್ ಬಟ್ಟೆ ಬಿಚ್ಚಿದ್ದು. ಜನಿವಾರ ನೋಡಿದ್ರೆ ಬಲಗಡೆ ಹೆಗಲಿಗೆ ಬಂದುಬಿಟ್ಟಿತ್ತು. ಪಾಪ, ಸಮುದ್ರ ಅದನ್ನೂ ಎಳೆದಾಡಿಬಿಟ್ಟಿದೆ ಅನ್ಕೊಂಡು ಎಡಕ್ಕೆ ಸರಿಸಿದೆ."

ರುದ್ರಾಣಿಯಮ್ಮ ಮನೆಯ ಹೊರಗೆ ಬಂದರು. ಅವರ ಮುಖದಲ್ಲಿ ಗೆಲುವಿರಲಿಲ್ಲ, ಕರುಣೆಯಿತ್ತು. ಅದನ್ನು ಕಂಡ ದೇವಯ್ಯನವರಿಗೆ ಪ್ರಕರಣ ಬಗೆಹರಿಯಿತೆಂಬುದು ಖಚಿತವಾಯಿತು. ತಮ್ಮ ಸಿದ್ಧಾಂತ ಬಿದ್ದುಹೋಯಿತೆಂಬುದೂ ಅಷ್ಟೇ ಖಚಿತವಾಯಿತು.

ಮರುದಿನ ಗೌತಮಿ, ರಘು ಸೇರಿ ಎಲ್ಲರೂ ಟಿ. ನರಸೀಪುರಕ್ಕೆ ಬಸ್ಸಿನಲ್ಲಿ ಹೋದರು. ಅಮೃತೇಶನ ಅಕ್ಕ ನಾಗರತ್ನ ಸಂಗಮದ ಸಮೀಪದಲ್ಲಿಯೇ ವಾಸವಾಗಿದ್ದರು. ಗೌತಮಿಯನ್ನು ಕಂಡೊಡನೆ ಅವರ ಮುಖ ಬಿಗಿಯಿತು. ಆದರೂ ಮನೆಗೆ ಬಂದವರಿಗೆ ಕಾಫಿ ಕೊಡದಿರುವುದು ಅವರಿಂದಾಗಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡ ಅಮೃತೇಶ್ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಇನ್ನೂ ಗಿಡ್ಡಗೆ ಚಿಗುರುತ್ತಿತ್ತು.

"ಪುಷ್ಯದ ಅಮಾವಾಸ್ಯೆಗೆ ಲೋಕವೆಲ್ಲ ಇಲ್ಲಿಗೆ ಸ್ನಾನಕ್ಕೆ ಬರುತ್ತೆ. ನನ್ನ ತಮ್ಮ ಇಲ್ಲಿಂದ ಓಡಿಹೋಗಿ ಸಮುದ್ರಕ್ಕೆ ಬಿದ್ದ," ಎಂದು ನಾಗರತ್ನ ಲೋಟಗಳನ್ನಿಡುತ್ತ ಹೇಳಿದರು. "ಕಾರ್ತೀಕದಲ್ಲಿ ಅಮ್ಮ ಹೋದಳು. ಇವನನ್ನೂ ಕಳೆದುಕೊಳ್ಳುತ್ತಿದ್ದೆ."

"ತಾಯಿಯ ಅಸ್ಥಿಯನ್ನು ಇಲ್ಲಿಯೇ ಬಿಟ್ಟಿರೇನಮ್ಮ?"

"ಇಲ್ಲೇ, ಸಂಗಮದಲ್ಲೇ. ಇವನೇ ಹರಿಗೋಲಿನಲ್ಲಿ ಹೋಗಿ ಬಿಟ್ಟು ಬಂದ. ನಾನು ದಡದಲ್ಲಿದ್ದೆ."

ರುದ್ರಾಣಿಯಮ್ಮ ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟರು. ಪಾಠ ಹೇಳುವ ಧ್ವನಿಯಲ್ಲಿ ಮಾತು ತೊಡಗಿದರು.

"ಮೊದಲು ಸೀಸದ ವಿಚಾರ. ದೋಣಿಯಲ್ಲಿಯೇ ಒಂದು ಗಟ್ಟಿ ಕಡಿಮೆಯಿದ್ದರೆ ಅಮೃತೇಶ್ ಮುಳುಗುತ್ತಲೇ ಇರಲಿಲ್ಲ, ಮೇಲೆಯೇ ತೇಲುತ್ತಿದ್ದ. ಅವನಾದರೋ ತಳ ಮುಟ್ಟಿ, ಮಂಡಿಯೂರಿ, ಬಹಳ ಹೊತ್ತು ಕುಳಿತಿದ್ದ. ಆದುದರಿಂದ ಇಳಿಯುವಾಗ ಭಾರ ಪೂರ್ತಿಯಾಗಿತ್ತು. ಗೌತಮಿಯ ಕೈ ಶುದ್ಧ. ಸೀಸ ಕಳಚಿದ್ದು ನೀರಿನ ತಳದಲ್ಲಿ."

ನಾಗರತ್ನ ಗೌತಮಿಯ ಕಡೆ ತಿರುಗಿ ನೋಡಿದರು.

"ತಳದಲ್ಲಿ ಮೂವರಿದ್ದರು. ಕೊಂಡಿ ಬಿಚ್ಚದೆ ಗಟ್ಟಿ ಹೊರಬರದು. ಆಮೇಲೆ ಕೊಂಡಿಯನ್ನು ಮತ್ತೆ ಬಿಗಿದೂ ಇದ್ದರು. ಒಬ್ಬನ ಸೊಂಟದ ಪಟ್ಟಿಯನ್ನು ಅವನಿಗೆ ತಿಳಿಯದಂತೆ ಇನ್ನೊಬ್ಬರು ಬಿಚ್ಚಿ ಕಟ್ಟಲಾಗುವುದಿಲ್ಲ. ರಘು ಬಿಚ್ಚಿದ್ದರೆ ಅಮೃತೇಶ್ ಅಂದೇ ಬಾಯಿ ಬಿಡುತ್ತಿದ್ದ. ಅವನು ಯಾರ ಹೆಸರನ್ನೂ ಹೇಳಲಿಲ್ಲ. ಹಾಗಾದರೆ ಬಿಚ್ಚಿದವನು ಅವನೇ. ಬಂಡೆ ಹಿಡಿದಿರುವವರೆಗೆ ನಿಂತ. ಸಿಲಿಂಡರಿನ ಗಾಳಿ ಕರಗಿದಷ್ಟೂ ಮೈ ಇನ್ನೂ ಹಗುರವಾಗುತ್ತಿತ್ತು. ಕೈ ಬಿಟ್ಟೊಡನೆ ಮೇಲಕ್ಕೆ ಹಾರಿದ."

"ಪ್ರಾಣ ಕಳೆದುಕೊಳ್ಳಲಿಕ್ಕೆ ಯಾರಾದರೂ..." ಎಂದು ನಾಗರತ್ನ ಗಾಬರಿಯಿಂದ ತಮ್ಮನತ್ತ ನೋಡಿದರು.

"ಅಲ್ಲ ತಾಯಿ. ಸಾಯಹೊರಟವನು ಕೊಂಡಿ ಬಿಗಿಯುವುದಿಲ್ಲ. ಇವನ ಉದ್ದೇಶ ಬೇರೆ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನವಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬುದು ನಮ್ಮ ಹಿರಿಯರ ವಿಧಿ. ಅಪಾಯವೆಂದರೂ ಇವನು ಅಮಾವಾಸ್ಯೆಯನ್ನು ಬಿಡಲಿಲ್ಲ. ಅಂದು ಉಪವಾಸವಿದ್ದ. ಇಷ್ಟರಿಂದಲೇ ನಿರ್ಣಯಕ್ಕೆ ಬಂದರೆ ಅದು ಆತುರ. ಆದರೆ ಮೈಗೆ ಅಂಟಿಕೊಂಡ ರಬ್ಬರ್ ಉಡುಪಿನೊಳಗೆ ಜನಿವಾರ ತಾನಾಗಿ ಹೆಗಲು ಬದಲಿಸಲಾರದು. ಉಡುಪು ತೊಡುವ ಮೊದಲೇ ಇವನು ಅದನ್ನು ಬಲಹೆಗಲಿಗೆ ಹಾಕಿಕೊಂಡಿದ್ದ. ಬಲಹೆಗಲಿನ ಜನಿವಾರ ಪಿತೃಕಾರ್ಯಕ್ಕೆ. ಸೀಸವನ್ನು ಯಾವುದಕ್ಕೆ ಕಟ್ಟಿದೆ ಅಮೃತೇಶ? ನೀನೇ ಹೇಳುತ್ತೀಯೋ, ನಾನು ಹೇಳಲೋ?"

ದೇವಯ್ಯ ಮುಂದಕ್ಕೆ ಬಾಗಿ ಅಮೃತೇಶನ ಮುಖ ನೋಡಿದರು.

"ಎಲ್ಲವನ್ನೂ ಸಂಗಮಕ್ಕೆ ಬಿಡಲಿಲ್ಲ ಅಕ್ಕ," ಎಂದ ಅಮೃತೇಶ್, ನೆಲ ನೋಡುತ್ತ. "ಒಂದು ಹಿಡಿ ಉಳಿಸಿಕೊಂಡೆ. ಸಮುದ್ರ ತೋರಿಸೋ ಅಂತ ಅಮ್ಮ ಎಷ್ಟು ಸಲ ಕೇಳಿದ್ದಳು. ಬೇಸಿಗೆಗೆ ಹೋಗೋಣ, ದಸರಾ ಆಗಲಿ, ಅಂತ ಮುಂದಕ್ಕೆ ಹಾಕಿದೆ. ಆಸ್ಪತ್ರೆಯಲ್ಲಿ ಇನ್ನೊಂದು ಮಾತು ಹೇಳಿದಳು. ಅಪ್ಪನ ವರ್ಗಾವಣೆ ಹಿಂದೆ ಬಾಡಿಗೆ ಮನೆ ಮನೆ ತಿರುಗಿ ಸಾಕಾಯಿತು ಕಣೋ, ಇನ್ನಾದರೂ ಒಂದು ಕಡೆ ಇರಬೇಕು ಅಂತ. ದಡದಲ್ಲಿ ಬಿಟ್ಟರೆ ಅಲೆ ಅವಳನ್ನು ಅತ್ತ ಇತ್ತ ಆಡಿಸುತ್ತೆ. ಅದಕ್ಕೇ ಮುಳುಗೋದು ಕಲಿತೆ. ಅಲ್ಲಿಗೆ ಹೋಗಿ ನೋಡಿದರೆ, ಬಟ್ಟೆಯ ಗಂಟು ಹಗುರ, ಸಂದಿನಿಂದ ಎದ್ದೆದ್ದು ಬರುತ್ತಿತ್ತು. ಬೇರೇನೂ ತೋಚಲಿಲ್ಲ. ಸೊಂಟದ ಸೀಸ ತೆಗೆದು ಕಟ್ಟಿಬಿಟ್ಟೆ."

"ನನಗೊಂದು ಮಾತು ಹೇಳಬಾರದಿತ್ತೇನೋ?"

"ಸಂಗಮ ಬಿಟ್ಟು ಬೇರೆ ಕಡೆ ಅಂದರೆ ನೀನು ಒಪ್ಪುತ್ತಿರಲಿಲ್ಲ."

"ನಿನ್ನ ಸಂಕೋಚವನ್ನು ಮುಚ್ಚಿಟ್ಟುಕೊಂಡೆ, ಸರಿ," ಎಂದರು ರುದ್ರಾಣಿಯಮ್ಮ. ಅವರ ಧ್ವನಿ ಈಗ ಕಠಿಣವಾಗಿತ್ತು. "ಆದರೆ ಸೀಸದ ಭಾರವನ್ನು ತಾಯಿಗೆ ಕೊಟ್ಟು, ತಪ್ಪಿನ ಭಾರವನ್ನು ಈ ಮಗುವಿನ ತಲೆಗೆ ಕಟ್ಟಿದೆಯಲ್ಲ. ಇದಕ್ಕೆ ಯಾವ ವಿಧಿ?"

ಅಮೃತೇಶ್ ಎದ್ದು ಗೌತಮಿಯ ಮುಂದೆ ಕೈಮುಗಿದ. "ನನಗೆ ಯಾರ ಮೇಲೂ ದೂರಿಲ್ಲ ಅಂತ ಫೋನಿನಲ್ಲಿ ಹೇಳಿದ್ದೆ. ಅಷ್ಟರಲ್ಲೇ ಮುಗಿಯುತ್ತೆ ಅಂದುಕೊಂಡೆ. ಮುಗಿದಿಲ್ಲ ಅಂತ ಗೊತ್ತಾದ ಮೇಲೂ ಬಾಯಿ ಬರಲಿಲ್ಲ. ತಪ್ಪಾಯಿತಮ್ಮ." ಎಲ್ಲರ ಎದುರಿಗೇ ಅವನು ಗೌತಮಿ ಕೆಲಸ ಮಾಡುವ ಮುರುಡೇಶ್ವರದ ಕೇಂದ್ರಕ್ಕೆ ಕರೆ ಮಾಡಿ, ಸೀಸ ತೆಗೆದವನು ತಾನೇ ಎಂದು ಸ್ಪಷ್ಟವಾಗಿ ಹೇಳಿದ. ವಿಚಾರಣೆಗೆ ಖುದ್ದಾಗಿ ಬರುವೆನೆಂದೂ ಹೇಳಿದ. ಅವನ ಕೈಯಿಂದ ಫೋನನ್ನು ತೆಗೆದುಕೊಂಡ ನಾಗರತ್ನ, ತಮ್ಮ ದೂರನ್ನು ಹಿಂತೆಗೆದುಕೊಂಡರು. ಆಚೆಯ ದನಿ, ಹಾಗಾದರೆ ಗೌತಮಿ ಕೆಲಸಕ್ಕೆ ಬರಲಿ ಎಂದಿತು. ರಘು ಗೋಡೆಗೆ ಒರಗಿ ಉಸಿರು ಬಿಟ್ಟ.

ಗೌತಮಿ ಮಾತ್ರ ಅಮೃತೇಶನನ್ನು ಬಿಡಲಿಲ್ಲ. "ಸರ್ಟಿಫಿಕೇಟ್ ಅಂಗಿರಲಿ ಸಾ. ನೀವು ಸತ್ತೋಗಿದ್ರೆ? ಒಂದ್ಮಾತು ಏಳಿದ್ರೆ ನಾನೇ ಒಂದು ಗಟ್ಟಿ ಜಾಸ್ತಿ ತರ್ತಿರಲಿಲ್ವಾ?"

ನಾಗರತ್ನ ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿದರು. "ಅಲ್ಲ ಕಣೋ, ಕಾವೇರಿ ಹೋಗಿ ಸೇರೋದು ಪೂರ್ವದ ಸಮುದ್ರಕ್ಕೆ. ಅಮ್ಮನ ಅರ್ಧ ಆ ಕಡೆ ಹೋಯಿತು. ಉಳಿದದ್ದನ್ನು ನೀನು ಪಶ್ಚಿಮಕ್ಕೆ ಹೊತ್ತುಕೊಂಡು ಹೋದೆ. ಎಂಜಿನಿಯರ್ ಬೇರೆ."

"ಸಮುದ್ರ ಎಲ್ಲ ಒಂದೇ ಅಲ್ಲವೇನೇ ಅಕ್ಕ?"

ದೇವಯ್ಯ ನಕ್ಕುಬಿಟ್ಟರು. ನಗಬಾರದಿತ್ತೇನೋ ಎಂದು ಅಕ್ಕಯ್ಯನ ಮುಖ ನೋಡಿದರೆ ಅವರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಊಟಕ್ಕೆ ಏಳದೆ ಯಾರೂ ಹೋಗುವಂತಿಲ್ಲವೆಂದು ನಾಗರತ್ನ ಎಲೆ ಹಾಕಿದರು. ಗೌತಮಿಯ ಎಲೆಗೆ ತಾವೇ ತುಪ್ಪ ಬಡಿಸಿ, ಅಲ್ಲಿಯೇ ಮಂಡಿಯೂರಿ ಕುಳಿತರು. ಬಹಳ ಹೊತ್ತಿನಿಂದ ಕೇಳಬೇಕೆಂದಿದ್ದ ಮಾತು ಆಗ ಹೊರಬಂತು.

"ಅಲ್ಲಿ ಕತ್ತಲೆಯೇನಮ್ಮ?"

ಗೌತಮಿ ತುತ್ತನ್ನು ಎಲೆಗೆ ಇಳಿಸಿದಳು. "ಇಲ್ಲ ಕಣಕ್ಕ. ಆ ಬಂಡೆ ಸಂದು ನಂಗೆ ಗೊತ್ತು. ಬಿಸ್ಲು ನೆತ್ತಿಗೆ ಬಂದ್ರೆ ಬೆಳಕು ತಳದವರ್ಗೂ ಇಳೀತದೆ, ನೀಲಿಯಾಗಿ. ಅಳದಿ ಪಟ್ಟೆ ಮೀನುಗಳು ಒಂದಷ್ಟು ಅಲ್ಲೇ ಮನೆ ಮಾಡ್ಕೊಂಡವೆ. ಹೊರಗೆ ನೀರು ಎಷ್ಟೇ ಎಳೀಲಿ, ಅವು ಅಲ್ಲಿಂದ ಕದಲಕಿಲ್ಲ. ಇನ್ಮೇಲೆ ಇಳಿದಾಗೆಲ್ಲ ನಾನು ಆ ಕಡೆ ಓಗಿ ನೋಡ್ಕೊಂಡು ಬತ್ತೀನಿ."

ನಾಗರತ್ನ ತುಪ್ಪದ ಮಿಳ್ಳೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು. ಉಳಿದವರ ಎಲೆಗಳು ಬಡಿಸುವವರಿಲ್ಲದೆ ಕಾದಿದ್ದವು. ಹಸಿದಿದ್ದ ದೇವಯ್ಯ ಕೂಡ ತಮ್ಮ ಎಲೆಯನ್ನು ಮರೆತು ಅತ್ತಲೇ ಕಿವಿಯಾಗಿದ್ದರು.

"ಇನ್ನೊಂದು ಸಲ ಹೇಳಮ್ಮ," ಎಂದರು ನಾಗರತ್ನ. ಗೌತಮಿ ಮೊದಲಿನಿಂದ ಹೇಳತೊಡಗಿದಳು.