ಥೂ ಎನ್ನುವ ತನಕ

ಶ್ರೀಕಂಠನ ಲೋಟದಲ್ಲಿದ್ದುದನ್ನು ನಾನು ಕುಡಿದದ್ದು ತಪ್ಪಿ. ಆ ಮನುಷ್ಯನನ್ನೇ ಲೆಕ್ಕಕ್ಕಿಡದ ನಾನು ಅವನ ಲೋಟವನ್ನು ಬೇಕೆಂದು ಮುಟ್ಟುವವಳಲ್ಲ.

2021ರ ಜನವರಿ. ಗಾಲ್ವೇಯ ಆ ಬಾಡಿಗೆ ಮನೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ನನ್ನದು, ಒಂದು ಅವನದು. ಕೆಳಗಿನ ಅಡುಗೆಮನೆ ಇಬ್ಬರದೂ. ಬೆಳಿಗ್ಗೆ ಏಳಕ್ಕೆ ಇಳಿದು ಬಂದಾಗ ಕಟ್ಟೆಯ ಮೇಲೆ ಸ್ಟೀಲ್ ಲೋಟದಲ್ಲಿ ಹಳದಿ ನೀರು ಹಬೆಯಾಡುತ್ತಿತ್ತು. ಸ್ವಲ್ಪ ಮುಂಚೆ ನಾನೇ ಕಾಯಿಸಿಟ್ಟು ಮೇಲೆ ಹೋಗಿದ್ದ ಅರಿಶಿನದ ಕಷಾಯವೆಂದುಕೊಂಡು ಒಂದೇ ಉಸಿರಿಗೆ ಮುಗಿಸಿದೆ. ತಿರುಗಿದರೆ ಬಾಗಿಲಲ್ಲಿ ಶ್ರೀಕಂಠ, ಒಂದು ಕಾಲಿಗೆ ನೀಲಿ ಕಾಲುಚೀಲ, ಇನ್ನೊಂದಕ್ಕೆ ಕಪ್ಪು.

“ಹೇಗಿತ್ತು?” ಎಂದ.

“ಬೆಲ್ಲ ಸ್ವಲ್ಪ ಕಮ್ಮಿ,” ಎಂದೆ.

ಅವನು ಒಲೆಯತ್ತ ಕೈ ತೋರಿಸಿದ. ನನ್ನ ಕಷಾಯ ಪಾತ್ರೆಯಲ್ಲಿ ಹಾಗೆಯೇ ಇತ್ತು. ನಾನು ಕುಡಿದದ್ದು ಅವನ ಬಾಯಿಹುಣ್ಣಿಗೆಂದು ಚೀನೀ ಅಂಗಡಿಯಿಂದ ತಂದ ಬೇರಿನ ನೀರು. ಹ್ವಾಂಗ್‌ಲಿಯನ್ ಎಂದು ಅದರ ಹೆಸರು. ಒಂದು ಚಮಚ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅವನಿಗೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ.

“ಜಯಶೀಲಾ ಅವರೇ, ನಿಮಗೆ ರುಚಿ ಗೊತ್ತಾಗ್ತಾ ಇಲ್ಲ,” ಎಂದ.

ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇರೆ ಯಾರಾದರೂ ಕಂಡುಹಿಡಿದಿದ್ದರೆ ಸಹಿಸುತ್ತಿದ್ದೆ. ಅಕ್ಕಿಯನ್ನು ಏಳು ಸಲ ತೊಳೆದು ಎಂಟನೆಯ ಸಲ ಚೆಲ್ಲಿಬಿಡುವ ಈ ಮೈಸೂರಿನ ಪೆದ್ದನೇ ಆಗಬೇಕಿತ್ತೇ?

ಕ್ರಿಸ್‌ಮಸ್ ವೇಳೆಗೆ ನನಗೆ ಕೋವಿಡ್ ಬಂದಿತ್ತು. ಹತ್ತು ದಿನ ಕೋಣೆಯೊಳಗಿದ್ದೆ. ಇವನು ಬಾಗಿಲ ಹೊರಗೆ ತಟ್ಟೆ ಇಟ್ಟು, ಎರಡು ಸಲ ತಟ್ಟಿ, ಓಡಿಹೋಗುತ್ತಿದ್ದ. ಅವನ ಉಪ್ಪಿಟ್ಟನ್ನು ರುಚಿಯಿಲ್ಲದ ನಾಲಿಗೆಯಿಂದ ತಿಂದದ್ದೇ ನನ್ನ ಪುಣ್ಯ. ಜ್ವರ ಹೋಯಿತು, ನಾಲಿಗೆ ಬರಲಿಲ್ಲ. ನಾನು ಅಡುಗೆಯವಳು. ಹದಿನೈದು ವರ್ಷ ಹೋಟೆಲ್ ಒಲೆಯ ಮುಂದೆ ನಿಂತು, ಆಮೇಲೆ ಸುಬ್ರಾಯರ ರೆಸ್ಟೋರೆಂಟಿಗೆಂದು ಪರ್ಮಿಟ್ ಸಿಕ್ಕಿ ಐರ್ಲೆಂಡಿಗೆ ಬಂದವಳು. ಆ ಅಡುಗೆಮನೆ ತಪ್ಪಿದರೆ ಪರ್ಮಿಟ್ಟೂ ತಪ್ಪುತ್ತದೆ. ಫೆಬ್ರವರಿಯ ಮೊದಲ ಶುಕ್ರವಾರದಿಂದ ಸಾರು, ಪಲ್ಯ, ಬಿಸಿಬೇಳೆ ಎಲ್ಲವನ್ನೂ ಪಾರ್ಸೆಲ್ ಕೊಡುವುದೆಂದು ತೀರ್ಮಾನವಾಗಿತ್ತು. ಅದಕ್ಕೂ ಮುಂಚೆ ಸುಬ್ರಾಯರು ತಾವೇ ಬಂದು ಒಂದೊಂದನ್ನೂ ರುಚಿ ನೋಡುವವರಿದ್ದರು.

ಇದನ್ನೆಲ್ಲ ಶ್ರೀಕಂಠನಿಗೆ ಹೇಳಬೇಕಾಯಿತು. ಹೇಳಿ, ಯಾರಿಗಾದರೂ ಬಾಯಿ ಬಿಟ್ಟರೆ ನಿಮ್ಮ ಕಾಲುಚೀಲಗಳನ್ನೆಲ್ಲ ಸುಟ್ಟುಹಾಕುತ್ತೇನೆ ಎಂದೂ ಸೇರಿಸಿದೆ. ಅವನು ನಗಲಿಲ್ಲ. ಆ ಚೀನೀ ಅಂಗಡಿಗೆ ಹೋಗೋಣ ಬನ್ನಿ ಎಂದ.

ಬೇರಿನಿಂದ ವಾಸಿಮಾಡುತ್ತೇನೆ ಎನ್ನುತ್ತಾನೆ, ಅಲ್ಲಿಯೇ ಮುಖಕ್ಕೆ ಹೊಡೆದಂತೆ ಹೇಳೋಣ ಎಂದು ಹೊರಟೆ. ಅಂಗಡಿಯ ಮಿಸೆಸ್ ವೇಯ್ ನನಗಿಂತ ಒಂದು ಕೈ ಮೇಲು. ಮಾಸ್ಕಿನ ಮೇಲಿನ ಕಣ್ಣುಗಳಲ್ಲಿಯೇ ನಮ್ಮಿಬ್ಬರನ್ನೂ ಗುಡಿಸಿ ಮೂಲೆಗೆ ಹಾಕಿದಳು. ಹಳದಿ ಕೋಳಿಕಾಲಿನಂತಿದ್ದ ಬೇರನ್ನು ಕೈಯಲ್ಲಿ ಹಿಡಿದು, ಇದು ಬಾಯಿಹುಣ್ಣಿಗೆ, ಕೆಂಪುಗಣ್ಣಿಗೆ, ಆಮಶಂಕೆಗೆ ತಮ್ಮ ಕಡೆ ಕೊಡುವ ಮದ್ದು, ಹೋದ ನಾಲಿಗೆಯನ್ನು ತರುವುದಿಲ್ಲ ಎಂದಳು. ಫೋನಿನಲ್ಲಿ ಓದಿಕೊಂಡು ಕೊರೋನಾಗೆ ಇದೇ ಮದ್ದೆಂದು ಬಂದವರನ್ನೆಲ್ಲ ಬೈದು ಕಳಿಸಿದ್ದಾಳಂತೆ. ಹೊಟ್ಟೆಯೊಳಗಿನ ಯಾವುದೋ ಒಂದನ್ನು ಇಂಗ್ಲಿಷಿನಲ್ಲಿ ಹೇಳಲಾಗದೆ ಒದ್ದಾಡಿದಳು. ಉಷ್ಣ ಎಂದು ನನಗೆ ತಕ್ಷಣ ಹೊಳೆಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ಬೆಂಕಿ ಮಾಡಿ ತೋರಿಸಿದೆ. ಹೌದೆಂದು ತಲೆಯಾಡಿಸಿದಳು. ಡಿಗ್ರಿ ಓದಿದವನಿಗೆ ಮಾತ್ರ ಏನೂ ತಿಳಿಯಲಿಲ್ಲ.

“ನನಗೆ ಔಷಧಿಯಾಗಿ ಬೇಡ,” ಎಂದ ಶ್ರೀಕಂಠ ಅವಳಿಗೆ. “ಗೇಜ್ ಆಗಿ ಬೇಕು.”

ಅವನು ಮೆಡಿಕಲ್ ಡಿವೈಸ್ ಕಂಪನಿಯಲ್ಲಿ ಕ್ವಾಲಿಟಿ ನೋಡುವವನು. ಹೃದಯಕ್ಕೆ ಹಾಕುವ ಸಣ್ಣ ನಳಿಗೆಗಳಿಗೆ ಅಳತೆಯ ಒಂದು ಕಡ್ಡಿ ತೂರಿಸಿ ನೋಡುತ್ತಾರಂತೆ, ಅದೇ ಗೇಜ್. ಹೋದರೆ ಗೋ, ಹೋಗದಿದ್ದರೆ ನೋ-ಗೋ. ನಡುವೆ ಏನೂ ಇಲ್ಲ. ಹಾಗೆಯೇ ದಿನಾ ಬೆಳಿಗ್ಗೆ ಏಳಕ್ಕೆ ಒಂದು ತೆಳ್ಳನೆಯ ಚೂರು ನನ್ನ ನಾಲಿಗೆಯ ಮೇಲೆ. ಥೂ ಎಂದು ಉಗಿದರೆ ಗೋ. ಅಲ್ಲಿಯವರೆಗೆ ನನ್ನ ಅಡುಗೆಯ ರುಚಿ ನೋಡಲು ಅವನ ನಾಲಿಗೆ.

ಅವನಿಗೆ ವಾಟರ್‌ಫರ್ಡ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು. ಎರಡು ದೊಡ್ಡ ಬಾಕ್ಸ್‌ಗಳನ್ನು ಕಟ್ಟಿ ಬಾಗಿಲ ಪಕ್ಕ ಇಟ್ಟೂ ಆಗಿತ್ತು. ಹೊರಡುವುದನ್ನು ಮುಂದೆ ಹಾಕಿದ. “ನೀವು ಥೂ ಅನ್ನೋವರೆಗೂ ಇರ್ತೀನಿ,” ಎಂದ. ಉಪಕಾರದ ಮಾತು. ಉಪಕಾರ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಆ ನಾಲಿಗೆಯಾದರೂ ಎಂಥದ್ದು! ಹಾಸ್ಟೆಲ್ ಸಾಂಬಾರಿನಲ್ಲಿ ಬೆಳೆದದ್ದು. ಸಾರು ಹೇಗಿದೆ ಎಂದರೆ, ಚೆನ್ನಾಗಿದೆ. ಉಪ್ಪು ಎರಡರಷ್ಟು ಹಾಕಿ ಕೊಟ್ಟರೂ, “ಗ್ರ್ಯಾಂಡ್.” ನಾಲ್ಕನೆಯ ಸಂಜೆ ಸೌಟನ್ನು ಕೆಳಗಿಟ್ಟು, ನಿಮ್ಮ ಬಾಯನ್ನು ಕೇಳುವುದೇ ದಂಡ ಎಂದೆ.

ಆಗ ಕಂಡದ್ದು ಅವನ ಮುಖ.

ಬಾಯಿ ಸುಳ್ಳು ಹೇಳುತ್ತಿತ್ತು, ಮುಖಕ್ಕೆ ಅದು ಬರುತ್ತಿರಲಿಲ್ಲ. ಹುಣಸೆ ಹೆಚ್ಚಾದರೆ ಎಡಗಣ್ಣು ತುಸು ಮುಚ್ಚುತ್ತಿತ್ತು. ಉಪ್ಪು ಹೆಚ್ಚಾದರೆ ಬಲ ಹುಬ್ಬು ಏರುತ್ತಿತ್ತು. ಮೆಣಸಿಗೆ ಕಿವಿಯ ತುದಿ ಕೆಂಪು. ಎಲ್ಲ ಹದವಾಗಿ ಕೂತಾಗ ಕಣ್ಣುರೆಪ್ಪೆಗಳು ಒಂದು ಗಳಿಗೆ ಇಳಿದು, ಆಮೇಲೆ ನಿಧಾನವಾಗಿ ನನ್ನ ಕಡೆ ಏಳುತ್ತಿದ್ದವು.

ಆ ನೋಟಕ್ಕಾಗಿ ನಾನು ಒಂದೇ ಸಾರನ್ನು ಆರು ಸಂಜೆ ಮಾಡಿದೆ. ಕೆಲಸಕ್ಕೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತೊಂಬತ್ತು ವರ್ಷದ ಹೆಂಗಸು, ಜೊತೆ ಕಾಲುಚೀಲ ಹುಡುಕಲು ಬಾರದ ಗಂಡಸಿನ ರೆಪ್ಪೆಗಾಗಿ ಚಮಚ ಹಿಡಿದು ಕಾಯುವುದೇ? ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಜನವರಿ ಕೊನೆಯ ಶುಕ್ರವಾರ ಬೆಳಿಗ್ಗೆ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ನಾಲಿಗೆಯ ಬುಡದಿಂದ ಅದು ಎದ್ದು ಬಂತು. ಬೇವು, ಹಾಗಲ, ನಾನು ಈವರೆಗೆ ನುಂಗಿದ ಮಾತ್ರೆಗಳೆಲ್ಲ ಒಟ್ಟಿಗೆ ಬಂದಂಥ ಕಹಿ. ಕಣ್ಣು ತುಂಬುವಷ್ಟು ಸಂತೋಷ. ಥೂ ಎನ್ನಲು ಬಾಯಿ ತೆರೆದೆ.

ಶ್ರೀಕಂಠ ಫ್ರಿಜ್ಜಿಗೆ ಅಂಟಿಸಿದ ಹಾಳೆಯ ಮುಂದೆ ಪೆನ್ನು ಹಿಡಿದು ನಿಂತಿದ್ದ. ಅವನ ಹಿಂದೆ, ಬಾಗಿಲ ಪಕ್ಕ, ಆ ಎರಡು ಬಾಕ್ಸ್‌ಗಳು.

“ಏನೂ ಇಲ್ಲ,” ಎಂದೆ.

ಅವನು ನೋ-ಗೋ ಎಂದು ಬರೆದ.

ಮುಂದಿನ ವಾರ ಸುಬ್ರಾಯರು ಬಂದರು, ಸಾರನ್ನು ಮೂರು ಬಟ್ಟಲು ಕುಡಿದರು, ಮಾತಿಲ್ಲದೆ ಹೋದರು. ಅವರು ಮಾತಾಡದಿದ್ದರೆ ಒಪ್ಪಿಗೆ. ಕೆಲಸ ಉಳಿಯಿತು. ನಾಲಿಗೆಯೂ ಬಂದಿತ್ತು. ಆದರೂ ಏಳು ಗಂಟೆಗೆ ಕೆಳಗಿಳಿದು, ಆ ಹಾಳು ಬೇರನ್ನು ಬಾಯಿಗಿಟ್ಟುಕೊಂಡು, ಕಲ್ಲಿನಂತೆ ನಿಂತು, ಏನೂ ಇಲ್ಲ ಎನ್ನುತ್ತಿದ್ದೆ. ದಿನದಿಂದ ದಿನಕ್ಕೆ ಚೂರು ದಪ್ಪವಾಗುತ್ತಿತ್ತು. ತೆಳ್ಳಗೆ ಹೆಚ್ಚಲೂ ಬಾರದ ಕೈ ಎಂದು ಅವನನ್ನು ಮನಸ್ಸಿನಲ್ಲಿಯೇ ಬೈಯುತ್ತಿದ್ದೆ.

ಹತ್ತನೆಯ ದಿನ ಭಾನುವಾರ. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ, ಸಾಲ್ಟ್‌ಹಿಲ್ ಅದರೊಳಗೇ ಇತ್ತು. ಇಬ್ಬರೂ ಸಮುದ್ರದ ಪಕ್ಕ ನಡೆದೆವು. ದಾರಿ ಮುಗಿಯುವಲ್ಲಿ ಒಂದು ಗೋಡೆಯಿದೆ. ಅಲ್ಲಿಯವರೆಗೆ ನಡೆದವರು ಅದನ್ನು ಕಾಲಿಂದ ಒದ್ದು ಹಿಂದಿರುಗುವುದು ಈ ಊರಿನ ರೂಢಿ. ಶ್ರೀಕಂಠನೂ ಒದ್ದ. ಆಮೇಲೆ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದ.

“ಬೆಳಿಗ್ಗೆ ಟೆಸ್ಟ್ ಮರೆತ್ವಿ,” ಎಂದ.

ಕಿರುಬೆರಳಿನಷ್ಟು ಬೇರು. ಮಾಸ್ಕ್ ಇಳಿಸಿ, ಅರ್ಧ ಕಚ್ಚಿ, ಅಗಿದೆ. ಸಮುದ್ರವನ್ನು ನೋಡುತ್ತಾ ನಿಂತೆ. ಅವನು ನನ್ನ ಮುಖ ನೋಡಲಿಲ್ಲ. ನನ್ನ ಶೂಗಳನ್ನು ನೋಡುತ್ತಿದ್ದ.

“ಇವತ್ತು ಕಾಣಲ್ಲ,” ಎಂದ. “ಮನೇಲಿ ಚಪ್ಪಲಿ ಹಾಕ್ಕೊಂಡಿರ್ತೀರಲ್ಲ, ಬೇರು ಬಾಯಿಗಿಟ್ಟ ಕೂಡಲೇ ಕಾಲ್ಬೆರಳು ಮಡಚ್ಕೊಳ್ತವೆ. ಹೋದ ಶುಕ್ರವಾರಕ್ಕೆ ಮುಂಚಿನ ಶುಕ್ರವಾರದಿಂದ.”

ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. “ಗೊತ್ತಿದ್ದೂ ದಿನಾ ದಪ್ಪ ಮಾಡ್ಕೊಂಡು ಹೋದ್ರಾ?”

“ನಮ್ ಕೆಲಸದಲ್ಲಿ ಅದಕ್ಕೂ ಒಂದು ಟೆಸ್ಟ್ ಇದೆ. ಮುರಿಯೋವರೆಗೂ ಎಳೆದು ನೋಡೋದು.” ಅವನ ಕಿವಿಯ ತುದಿ ಕೆಂಪಾಗಿತ್ತು, ಮೆಣಸು ಎಲ್ಲಿಯೂ ಇರಲಿಲ್ಲ. “ನೀವು ಮುರೀಲಿಲ್ಲ.”

“ವಾಟರ್‌ಫರ್ಡ್?”

“ಆ ಶುಕ್ರವಾರಾನೇ ಅವರಿಗೆ ಬರಲ್ಲ ಅಂತ ಹೇಳಿಬಿಟ್ಟೆ.”

“ಬಾಗಿಲ ಹತ್ರ ಬಾಕ್ಸ್ ಇದಾವಲ್ಲ?”

“ಖಾಲಿ,” ಎಂದ. “ನೀವು ಒಂದಿನಾನೂ ಎತ್ತಿ ನೋಡ್ಲಿಲ್ಲ.”

ಹತ್ತು ದಿನದ ಕಹಿ ಒಟ್ಟಿಗೆ ಗಂಟಲಿಗೆ ಬಂತು. ಬಗ್ಗಿ, ಬಂಡೆಗಳ ಮೇಲೆ, ಇಡೀ ಅಟ್ಲಾಂಟಿಕ್‌ಗೆ ಕೇಳುವಂತೆ ಉಗಿದೆ.

“ಥೂ ನಿನ್ನ.”

ಎರಡು ಮೀಟರ್ ಬಿಟ್ಟು ಹೋಗುತ್ತಿದ್ದ ಮುದುಕಿಯೊಬ್ಬಳು ಇನ್ನೂ ಎರಡು ಮೀಟರ್ ಸರಿದಳು. ಶ್ರೀಕಂಠ ಅಲ್ಲಾಡಲಿಲ್ಲ.

“ಏನಂದ್ರಿ?”

“ಥೂ ಅಂದೆ. ಬರ್ಕೊಳ್ಳಿ.”

“ಅದಲ್ಲ. ಅದರ ಪಕ್ಕದ್ದು.”

ಒಂದೂವರೆ ವರ್ಷ ಒಂದೇ ಮನೆಯಲ್ಲಿ ನೀವು, ನಿಮ್ಮ ಎಂದು ಓಡಾಡಿದವಳು ನಾನು. ಬಾಯಿ ತಪ್ಪಿತು ಎನ್ನಬಹುದಿತ್ತು. ಕೈಯಲ್ಲಿ ಉಳಿದಿದ್ದ ಅರ್ಧ ಬೇರನ್ನು ನೋಡಿದೆ. ಅವನ ಮಾಸ್ಕನ್ನು ನಾನೇ ಬೆರಳಿಂದ ಕೆಳಗೆ ಎಳೆದೆ.

“ಬಾಯಿ ತೆಗಿ,” ಎಂದೆ.

ತೆಗೆದ. ಅಗಿದ. ಎಡಗಣ್ಣು ಮುಚ್ಚಿತು, ಬಲ ಹುಬ್ಬು ಹಣೆಗೇರಿತು, ಕಣ್ಣಂಚಿನಲ್ಲಿ ನೀರು ನಿಂತಿತು. ಆದರೂ ಆ ರೆಪ್ಪೆಗಳು ಒಂದು ಗಳಿಗೆ ಇಳಿದು, ನಿಧಾನವಾಗಿ ನನ್ನ ಕಡೆ ಎದ್ದವು.

“ಹೇಗಿದೆ?” ಎಂದೆ.

“ಬೆಲ್ಲ ಸ್ವಲ್ಪ ಕಮ್ಮಿ,” ಎಂದ.