ಏಳನೇ ಟೆಸ್ಟ್ ಡ್ರೈವ್

"ಮಿಡ್ ವೇರಿಯಂಟಿಗೂ ಟಾಪ್‌ಗೂ ಇನ್ನೇನು ವ್ಯತ್ಯಾಸ?" ಏಳನೇ ಶನಿವಾರವೂ ಶೋರೂಮಿಗೆ ಬಂದು ಅವನು ಅದನ್ನೇ ಕೇಳಿದಾಗ, ಕಾರು ಮಾರುವ ಅವಳಿಗೆ ನಗು ತಡೆಯಲಾಗಲಿಲ್ಲ.

"ಟಾಪ್‌ನಲ್ಲಿ ಸನ್‌ರೂಫ್, ಆರು ಏರ್‌ಬ್ಯಾಗ್. ಮಿಡ್‌ನಲ್ಲಿ ಎರಡೇ. ಹೋದ ವಾರಾನೂ ಹೇಳಿದ್ದೆ."

"ಹೋದ ವಾರ ನೀವು ಹೇಳುವಾಗ ನಾನು ಬೇರೇನೋ ನೋಡ್ತಿದ್ದೆ."

ಏನು ಎಂದು ಅವಳು ಕೇಳಲಿಲ್ಲ. ಕೇಳದಿದ್ದರೂ ಕಿವಿ ಬಿಸಿಯಾಯಿತು.

ಅವನಿಗೆ ಮುಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ. ಕಾರು ಬೇಕಿದ್ದದ್ದು ಅವನ ಅಕ್ಕನಿಗೆ. ಟೆಸ್ಟ್ ಡ್ರೈವ್‌ಗೆ ಹೋದರೆ ಸ್ಟೀರಿಂಗ್ ಅವಳ ಕೈಯಲ್ಲಿ, ಪಕ್ಕದಲ್ಲಿ ಡ್ರೈವಿಂಗ್ ಬಾರದ ಅವನು ಸುಮ್ಮನೆ. ಆ ಹತ್ತು ನಿಮಿಷದ ಮೌನಕ್ಕೆ ಅವಳು ವಾರವಿಡೀ ಕಾಯುತ್ತಿದ್ದಳು. ಶೋರೂಮಿನವರು ಅವನಿಗೆ 'ಶನಿವಾರದ ಅಳಿಯ' ಎಂದು ಹೆಸರಿಟ್ಟಿದ್ದರು. ಬುಕಿಂಗ್ ಆದರೆ ಅವನು ಬರುವುದು ನಿಲ್ಲುತ್ತದೆಂದು ಅವಳು ಒಮ್ಮೆಯೂ ಒತ್ತಾಯಿಸಿರಲಿಲ್ಲ. ಇವತ್ತು ಬೆಳಿಗ್ಗೆ ಮ್ಯಾನೇಜರ್ ಹೇಳಿಬಿಟ್ಟಿದ್ದರು: "ಒಂದೋ ಬುಕಿಂಗ್, ಇಲ್ಲಾ ಆ ಗಿರಾಕಿಯ ಫೈಲು ಕ್ಲೋಸ್."

ಗಾಜಿನ ಬಾಗಿಲು ತಳ್ಳಿಕೊಂಡು, ಸ್ವಲ್ಪ ಕುಂಟುತ್ತ ಒಬ್ಬ ಹೆಂಗಸು ಬಂದರು.

"ಲೋ, ಇಲ್ಲಿದ್ದೀಯಾ? ಅಂಗಡಿಗೆ ಬೀಗ ಹಾಕಿ ಎಲ್ಲಿ ಹಾಳಾಗೋದೆ ಅಂತ ಊರೆಲ್ಲ ಹುಡುಕಿದೆ!"

"ಅಕ್ಕಾ..." ಅವನ ಮುಖ ಬಿಳಿಚಿಕೊಂಡಿತು.

ಅವಳು ಸಂಭ್ರಮದಿಂದ ಎದ್ದಳು. "ಬನ್ನಿ ಮೇಡಂ! ನಿಮ್ಮ ಕಾರಿನ ಮಾತೇ ನಡೀತಿತ್ತು. ಯಾವುದು ಅಂತ ನೀವೇ ಹೇಳ್ಬಿಡಿ."

"ನನ್ನ ಕಾರಾ? ಅದು ಆಚೆ ನಿಂತಿದೆಯಲ್ಲಮ್ಮ. ತಗೊಂಡು ತಿಂಗಳಾಯ್ತು!"

ಗಾಜಿನಾಚೆ ಒಂದು ಕೆಂಪು ಕಾರು. ಬೇರೆ ಕಂಪನಿಯದು, ಬೇಸ್ ಮಾಡೆಲ್. ಅವಳ ಕೈಯಿಂದ ಜಾರಿದ ಪೆನ್ನು ಮೇಜಿನಡಿ ಉರುಳಿತು. ಅಕ್ಕ ಇಬ್ಬರ ಮುಖವನ್ನೂ ನೋಡಿ ನಾಲಿಗೆ ಕಚ್ಚಿಕೊಂಡು, "ನಾನು ಆಚೆ ಕೂತಿರ್ತೀನಪ್ಪ" ಎಂದು ಮೆಲ್ಲಗೆ ಜಾರಿಕೊಂಡರು.

"ತಿಂಗಳಿಂದ ಸುಳ್ಳಾ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನನ್ನ ಕೆಲಸ ನಿಮಗೆ ಆಟಾನಾ?"

ಅವನು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಮೂರನೇ ಶನಿವಾರ ಅವಳೇ ಬರೆದುಕೊಟ್ಟ ಹೋಲಿಕೆಯ ಪಟ್ಟಿ. ಎದುರಾಳಿ ಕಂಪನಿಯ ಬೇಸ್ ಮಾಡೆಲ್ ಪಕ್ಕದಲ್ಲಿ ಅವಳದೇ ಅಕ್ಷರ: 'ಸೀಟು ಎತ್ತರ. ಮಂಡಿ ನೋವಿಗೆ ಇದೇ ವಾಸಿ.'

"ನೀವು ಹೇಳಿದ್ದನ್ನೇ ತಗೊಂಡೆ. ಸ್ವಂತ ವ್ಯಾಪಾರ ಮರೆತು ನಮ್ಮಕ್ಕನ ಮಂಡಿ ಬಗ್ಗೆ ಯೋಚನೆ ಮಾಡಿದವರನ್ನ ಬಿಟ್ಟು ಹೋಗೋಕೆ ಆಗಲಿಲ್ಲ. ಕಾರು ತಗೊಂಡೆ ಅಂದಿದ್ರೆ ಮತ್ತೆ ಬರೋಕೆ ನೆಪ ಎಲ್ಲಿತ್ತು? ಆದರೂ ತಪ್ಪು ನಂದೇ."

ಅವಳು ಬಗ್ಗಿ ಪೆನ್ನು ಹುಡುಕಿ, ಫೈಲು ತೆರೆದು ಬರೆದಳು: 'ಬೇರೆ ಕಂಪನಿಯ ಕಾರು ಖರೀದಿ. ಕ್ಲೋಸ್.'

ಅವನು ತಲೆ ತಗ್ಗಿಸಿ ಬಾಗಿಲಿನತ್ತ ನಡೆದ.

"ನಿಲ್ಲಿ. ಕೊನೇ ಖಾನೆ ಬಾಕಿ ಇದೆ. ಮುಂದಿನ ಭೇಟಿ."

"ಕ್ಲೋಸ್ ಆದ ಫೈಲಿಗೂ?"

"ಶನಿವಾರ ರಜೆ ಹಾಕ್ತೀನಿ. ನಡ್ಕೊಂಡು ಹೋಗೋಣ. ಕಾರಿನ ಮಾತೆತ್ತಿದ್ರೆ ಅರ್ಧ ದಾರೀಲೇ ಬಿಟ್ಟು ಬರ್ತೀನಿ."

ಅವನು ನಗುತ್ತ ಮೇಜಿನ ಬಳಿಗೆ ಮರಳಿದ. ಆಚೆ ಕೆಂಪು ಕಾರಿನ ಹಾರ್ನ್ ಎರಡು ಸಲ ಕೂಗಿತು. ಅವಳು ಬೆಚ್ಚಿಬಿದ್ದಳು. ಕೊನೇ ಖಾನೆಯಲ್ಲಿ ಬರೆಯುತ್ತಿದ್ದ 'ಶನಿವಾರ' ಎಂಬ ಅಕ್ಷರಗಳು ಸೊಟ್ಟಗಾದವು. ತಿದ್ದದೆ ಹಾಗೇ ಬಿಟ್ಟಳು.