ಇನ್‌ಸ್ಪೆಕ್ಟರ್ ಮತ್ತು ಅರ್ಧ ಬನ್

ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಅವನು ಕೂತಿದ್ದ. ತೊಡೆಯ ಮೇಲೆ ಅವನದೇ ಸ್ವೆಟರಿನಲ್ಲಿ ಸುತ್ತಿದ ಬಾತುಕೋಳಿ. ಬಾಗಿಲಲ್ಲಿ ಅವಳನ್ನು ಕಂಡವನೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅದರ ಬದಲು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೀವ್ಯಾಕೆ ಬರೋಕೆ ಹೋದ್ರಿ? ಆಫೀಸ್ ಇರ್ಲಿಲ್ವಾ?"

"ಇತ್ತು. ಹೇಗಿದಾನೆ ಇನ್‌ಸ್ಪೆಕ್ಟರ್?"

"ಗಂಟಲ ಕೆಳಗೆ ಬನ್ನಿನ ಹಿಟ್ಟು ಗಟ್ಟಿಯಾಗಿ ಕಟ್ಕೊಂಡಿದೆಯಂತೆ. ನೀರೂ ಇಳೀತಿಲ್ಲ." ಬಾತುಕೋಳಿಯ ನೆತ್ತಿಯನ್ನು ಒಂದೇ ಬೆರಳಲ್ಲಿ ಸವರುತ್ತ ಹೇಳಿದ.

ಅವನು ಬೆಳಗ್ಗೆ ಬೀದಿಬೀದಿಗೆ ಪೇಪರ್ ಹಾಕುವವನು. ಅವಳು ಅದೇ ಪೇಪರಿಗೆ ಬರೆಯುವವಳು. ಅವನ ಸೈಕಲ್ ಹಿಂದೆ ದಿನವೂ ಒಂದು ಬಾತುಕೋಳಿ ನಡೆದು ಬರುತ್ತಿತ್ತು. ಮರಿಯಾಗಿದ್ದಾಗ ಚರಂಡಿಯಲ್ಲಿ ಸಿಕ್ಕಿದ್ದು, ಅವನನ್ನೇ ತಾಯಿ ಅಂದುಕೊಂಡಿತ್ತು. ಪ್ರತಿ ಗೇಟಿನ ಮುಂದೆ ನಿಂತು, ಕತ್ತು ಚಾಚಿ, ಪೇಪರ್ ಬಿದ್ದಿದೆಯೋ ಇಲ್ಲವೋ ನೋಡಿ ಮುಂದೆ ಹೋಗುತ್ತಿದ್ದದ್ದಕ್ಕೆ ಅದಕ್ಕೆ ಆ ಹೆಸರು. "ಬೇರೆ ಏನೇನೋ ಬರೀತೀಯ, ಇದನ್ನ ಬರಿಯೇ," ಎಂದು ಅವಳ ಅಕ್ಕ ಕಿಟಕಿಯಿಂದ ತೋರಿಸಿದ್ದಳು.

ಬರೆಯಲೆಂದು ಅವಳು ಒಂದು ಬೆಳಗ್ಗೆ ಅವನ ಜೊತೆ ಸುತ್ತಿದಳು. ಸುತ್ತು ಮುಗಿದ ಮೇಲೆ ಮುಚ್ಚಿದ ಅಂಗಡಿಯ ಮೆಟ್ಟಿಲಲ್ಲಿ ಕೂತು ಅವನು ಒಂದು ಬನ್ ತೆಗೆದ. ಬೆರಳ ತುಂಬ ಪೇಪರಿನ ಮಸಿ. ಅದು ತಾಗದ ಹಾಗೆ ಬನ್ನನ್ನು ಕಾಗದದ ಸಮೇತ ಹಿಡಿದು ಮುರಿದು, ದೊಡ್ಡ ಅರ್ಧವನ್ನು ಅವಳತ್ತ ಚಾಚಿದ.

"ಇವನಿಗೆ ಬೇಡ್ವಾ?" ಎಂದು ಕೇಳಿದ್ದಳು.

"ಅಯ್ಯೋ, ಕೊಡಬಾರ್ದು! ಕೊಟ್ರೆ ತಿಂದುಬಿಡ್ತಾನೆ, ಆಮೇಲೆ ಒದ್ದಾಡ್ತಾನೆ. ಸೊಪ್ಪು, ಕಾಳು, ಅಷ್ಟೇ. ಬನ್ ನಿಮಗೆ."

ಆ "ನಿಮಗೆ" ಅವಳ ಕಿವಿಯಲ್ಲಿ ಸಂಜೆವರೆಗೂ ಉಳಿದಿತ್ತು. ಮನಸ್ಸು ಕರಗುವಂಥ ಒಂದು ಸಾಲು ಕೊನೆಗೆ ಹಾಕು ಎಂದು ಆಫೀಸಿನಲ್ಲಿ ಚೀಫ್ ಪೀಡಿಸಿದಾಗ ಕೈ ತಾನೇ ಬರೆಯಿತು: ದಿನವೂ ಅವನು ತನ್ನ ಬನ್ನನ್ನು ಮುರಿದು, ದೊಡ್ಡ ಅರ್ಧವನ್ನು ತನ್ನ ಪುಟ್ಟ ಜೊತೆಗಾರನಿಗೆ ಕೊಡುತ್ತಾನೆ.

ಸುದ್ದಿ ಎಲ್ಲರ ಫೋನಿಗೂ ಹೋಯಿತು. ಟೀವಿಯವರು ಬಂದರು. ದೂರದೂರದಿಂದ ಜನ ಮಕ್ಕಳನ್ನು ಕರೆದುಕೊಂಡು ಬಂದರು, ಎಲ್ಲರ ಕೈಯಲ್ಲೂ ಒಂದೊಂದು ಬನ್. ಅವನು ಬೇಡ ಬೇಡ ಎಂದು ಅಡ್ಡ ಹೋದರೂ ಕೇಳುವವರಿರಲಿಲ್ಲ. ನೀನು ಕೊಡಬಹುದು, ನಾವು ಕೊಡಬಾರದಾ ಎಂದರು. ಕೊನೆಗೆ ಇವತ್ತು ಇನ್‌ಸ್ಪೆಕ್ಟರ್ ಮೇಲೇಳಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ಬಾತುಕೋಳಿಯನ್ನು ಎತ್ತಿಕೊಂಡರು. "ಯಾರ್ರೀ ಇದಕ್ಕೆ ಬನ್ ಅಭ್ಯಾಸ ಮಾಡ್ಸಿದ್ದು?"

"ನಾನೇ, ಡಾಕ್ಟ್ರೇ," ಎಂದ ಅವನು.

"ಸಾಕೋಕೆ ಬರಲ್ಲ ಅಂದ್ರೆ ಯಾಕ್ರೀ ಸಾಕ್ತೀರ?"

ಅವನು ತಲೆ ತಗ್ಗಿಸಿದ. ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮನ ಹಿಂದೆ ಬಾಗಿಲು ಮುಚ್ಚಿತು. ಬರೆದಾಗ ಮಾಡಿದ್ದು ಒಂದು ತಪ್ಪು, ಈಗ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡದು.

"ಯಾಕೆ ಹಾಗಂದ್ರಿ?" ಎಂದು ಕೇಳಿದಳು.

"ಮತ್ತೆ ನಿಮ್ಮನ್ನ ಬೈಸ್ಲಾ?"

"ಬೈಸ್ಬೇಕಿತ್ತು. ಕೊಡಬಾರ್ದು ಅಂತ ನೀವು ಬಾಯಿಬಿಟ್ಟು ಹೇಳಿದ್ರಿ. ಆ ಅರ್ಧ ಬನ್ ನೀವು ಕೊಟ್ಟಿದ್ದು ನಂಗೆ. ಅದನ್ನ ಬರೀದೇ ಇರೋಕೆ ನನ್ನ ಕೈಲಿ ಆಗ್ಲಿಲ್ಲ. ನಂಗೇ ಅಂತ ಬರೆಯೋಕೆ ನಾಚಿಕೆ. ಅದಕ್ಕೆ ಆ ಮೂಕಪ್ರಾಣಿ ಮೇಲೆ ಹಾಕ್ದೆ."

ಅವನು ಖಾಲಿ ಸ್ವೆಟರನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಗೊತ್ತಿತ್ತು," ಎಂದ.

"ಏನು?"

"ಬಂಡಲ್ ಬಿಚ್ಚಿ ಮೊದ್ಲು ಓದಿದ್ದೇ ನಾನು. ಓದಿದ ಕೂಡ್ಲೇ ಗೊತ್ತಾಯ್ತು, ಇದು ಇನ್‌ಸ್ಪೆಕ್ಟರ್ ಕಥೆ ಅಲ್ಲ ಅಂತ. ನಿಮ್ಮ ಆಫೀಸಿಗೆ ಒಂದು ಫೋನ್ ಮಾಡಿದ್ರೆ ಮಾರನೇ ದಿನವೇ ತಿದ್ದಿರೋರು. ಮಾಡ್ಲಿಲ್ಲ. ತಿದ್ದಿಬಿಟ್ರೆ ಆ ಸಾಲು ಹೋಗ್ಬಿಡುತ್ತಲ್ಲ ಅಂತ." ಅವನು ಕಣ್ಣೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಪ್ರೀತಿ ಎಷ್ಟಿತ್ತೋ ಅವಮಾನವೂ ಅಷ್ಟೇ ಇತ್ತು. "ಮನೆಮನೆಗೂ ನಾನೇ ಹಾಕ್ಬಂದೆ, ಶಿಳ್ಳೆ ಹೊಡ್ಕೊಂಡು."

ಇಂಥ ಮಾತು ಕೇಳಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳು! ಈಗ ಕೇಳಿದರೆ, ಖುಷಿಪಡುವುದಕ್ಕೂ ಮುಖವಿರಲಿಲ್ಲ. ಎದ್ದು ಹೋಗಿ ಒಳಗಿನ ಬಾಗಿಲು ತಟ್ಟಿದಳು.

"ಡಾಕ್ಟ್ರೇ, ಬನ್ ಶುರುವಾಗಿದ್ದು ನನ್ನಿಂದ. ಇವರು ಕೊಟ್ಟೇ ಇಲ್ಲ."

"ಬರೆದಿದ್ದು ತಪ್ಪು ಅಂತ ಗೊತ್ತಿದ್ದೂ ನಾನು ಸುಮ್ನಿದ್ದೆ," ಎಂದ ಅವನು ಹಿಂದಿನಿಂದ.

"ನಾನೇ ನಾನೇ ಅಂತ ಆಮೇಲೆ ಜಗಳ ಆಡಿ. ಇಬ್ರೂ ಬಂದು ರೆಕ್ಕೆ ಹಿಡ್ಕೊಳ್ಳಿ."

ಹಿಡಿದುಕೊಂಡರು. ಸಣ್ಣ ಕೊಳವೆಯಿಂದ ನೀರು ಬಿಟ್ಟು ಡಾಕ್ಟರಮ್ಮ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದರು. ಅಂಗೈಯಡಿ ಆ ಪುಟ್ಟ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇನ್‌ಸ್ಪೆಕ್ಟರ್ ಬದುಕಿಕೊಂಡಿತು. "ಆದ್ರೆ ಇನ್ಮೇಲೆ ರಸ್ತೆಗೆ ಬೇಡ," ಎಂದರು ಡಾಕ್ಟರಮ್ಮ. "ಇಷ್ಟು ಹೆಸರಾದ್ಮೇಲೆ ಜನ ಬಿಡಲ್ಲ. ನನಗೆ ಗೊತ್ತಿರೋರ ತೋಟದಲ್ಲಿ ಕೊಳ ಇದೆ, ಬೇರೆ ಬಾತುಕೋಳಿಗಳೂ ಇವೆ." ಅವನು ಬಾತುಕೋಳಿಯ ನೆತ್ತಿಯನ್ನು ಮತ್ತೊಮ್ಮೆ ಸವರಿದ. ಆಮೇಲೆ ಸ್ವೆಟರನ್ನೂ ಜೊತೆಗೇ ಕಳಿಸಿ ಎಂದ.

ಆ ಬನ್ ತಿಂದದ್ದು ಬಾತುಕೋಳಿಯಲ್ಲ, ವರದಿಗಾರ್ತಿ ಎಂದು ಅವಳೇ ತಿದ್ದುಪಡಿ ಬರೆದಳು. ಚೀಫ್ ಕೂಗಾಡಿದ. ಆಫೀಸಿನವರೆಲ್ಲ ಮುಸಿಮುಸಿ ನಕ್ಕರು. ಅದು ಅಚ್ಚಾದ ಬೆಳಗ್ಗೆ ಅವಳು ಅವನ ಸೈಕಲ್ ಹಿಂದೆ ನಡೆದಳು. ಎಲ್ಲಿ ಇನ್‌ಸ್ಪೆಕ್ಟರ್ ಎಂದು ಗೇಟುಗೇಟಿನಲ್ಲೂ ಕೇಳಿದರು. ಪ್ರತಿ ಸಲವೂ ಅವಳೇ ಮುಂದೆ ಬಂದು, ನನ್ನಿಂದಾಗಿ ತೋಟಕ್ಕೆ ಹೋಯಿತು ಎಂದಳು.

ತಿರುವಿನಲ್ಲಿ ಅವನು ಅಭ್ಯಾಸಬಲದಿಂದ ಸೈಕಲ್ ನಿಲ್ಲಿಸಿ ಹಿಂದೆ ನೋಡಿದ. ಅವಳಿಗೆ ಅರ್ಥವಾಯಿತು.

"ಅವನ ಜಾಗಕ್ಕೆ ನಾನು ಬರೋಕಾಗಲ್ಲ," ಎಂದಳು.

"ಆಗಲ್ಲ," ಎಂದ ಅವನು, ಸುಳ್ಳು ಸಮಾಧಾನ ಹೇಳದೆ. "ಅದು ಹಾಗೇ ಇರ್ಲಿ." ಆಮೇಲೆ ಕಟ್ಟಿನಿಂದ ಒಂದಷ್ಟು ಪೇಪರ್ ಎಳೆದು ಅವಳ ಕೈಗಿಟ್ಟ. "ಎಡಗಡೆ ಮನೆಗಳು ಇವತ್ತಿಂದ ನಿಮ್ದು. ದಿನಾ ಬರ್ಬೇಕು ಮತ್ತೆ."

"ದಿನಾ?"

"ದಿನಾ."

ಅವಳು ಎಸೆದ ಮೊದಲ ಪೇಪರ್ ಗೇಟಿಗೆ ಬಡಿದು ವಾಪಸ್ಸು ಅವಳ ಕಾಲಬುಡಕ್ಕೇ ಬಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ಇವತ್ತು ನಗಬಾರದು ಎಂದು ಇಬ್ಬರಿಗೂ ಅನ್ನಿಸುತ್ತಲೇ ಇತ್ತು. ಆದರೂ ನಕ್ಕರು.